ಹಾಲುಹಲ್ಲಿನ ಲೆಕ್ಕ

ಮೊದಲ ಒಂಬತ್ತು ದಿನ ನಾನು ಗುಂಡಿ ತೋಡಿದೆ. ಪೆರುವಿನ ಆಗ್ನೇಯ ಮೂಲೆಯಲ್ಲಿರುವ ಮಾದ್ರೆ ದೆ ದಿಯೋಸ್ ಪ್ರಾಂತ್ಯದ ಮಣ್ಣು ನಮ್ಮ ತೀರ್ಥಹಳ್ಳಿ ಕಡೆಯ ಜಂಬಿಟ್ಟಿಗೆ ನೆಲದಂತಲ್ಲ. ಹಾರೆಗೆ ಒಂದು ಕಲ್ಲೂ ತಾಗುವುದಿಲ್ಲ, ಬರೀ ಬೇರು ಮತ್ತು ಅಂಟು ಜೇಡಿ. ಗುದ್ದಲಿಗೆ ಮೆತ್ತಿಕೊಂಡ ಮಣ್ಣನ್ನು ಪ್ರತಿ ಸಲವೂ ಕೈಯಿಂದ ಬಿಡಿಸಬೇಕು. ಮೂರು ಸಾಲು, ಸಾಲಿಗೆ 11ರಂತೆ ಒಟ್ಟು 33 ಬಕೆಟ್. ಪ್ರತಿ ಬಕೆಟ್ಟಿನ ಬಾಯಿ ನೆಲದ ಮಟ್ಟಕ್ಕೆ ಸರಿಯಾಗಿ ಕೂರಬೇಕು, ಒಂದು ಬೆರಳು ಮೇಲೆದ್ದರೂ ಕೆಲಸ ಕೆಟ್ಟಂತೆ. ತಳದಲ್ಲಿ ಮಳೆನೀರು ಬಸಿಯಲು ತೂತು, ಒಳಗೆ ಒಣ ಎಲೆ, ಒಂದು ಹಿಡಿ ಹತ್ತಿ. ಬಕೆಟ್‌ಗಳ ನೆತ್ತಿಯ ಮೇಲೆ ಹಾದುಹೋಗುವಂತೆ ಮೊಣಕಾಲೆತ್ತರದ ಪ್ಲಾಸ್ಟಿಕ್ ಹಾಳೆಯ ಬೇಲಿ. ರಾತ್ರಿ ನೆಲದಲ್ಲಿ ಓಡಾಡುವ ಪುಟ್ಟ ಪ್ರಾಣಿ ಬೇಲಿಗೆ ಎದುರಾದರೆ ಅದರ ಅಂಚು ಹಿಡಿದೇ ನಡೆಯುತ್ತದೆ, ನಡೆಯುತ್ತ ಬಕೆಟ್ಟಿಗೆ ಬೀಳುತ್ತದೆ. ಉಪಾಯ ಇಷ್ಟೇ. ಬೆವರು ಮಾತ್ರ ಬಹಳ.

2022ರ ಜುಲೈನಲ್ಲಿ ಪುಯೆರ್ಟೊ ಮಾಲ್ಡೊನಾಡೊ ಪಟ್ಟಣದಿಂದ ಲ್ಯಾಬರಿಂಟೊ ಎಂಬ ದೋಣಿಕಟ್ಟೆಗೆ ರಸ್ತೆಯಲ್ಲಿ, ಅಲ್ಲಿಂದ ಮಾದ್ರೆ ದೆ ದಿಯೋಸ್ ನದಿಯ ಮೇಲ್ಮುಖಕ್ಕೆ ದೋಣಿಯಲ್ಲಿ ಸಾಗಿ ನಮ್ಮ ಸಂಶೋಧನಾ ಶಿಬಿರ ಸೇರಿದ್ದೆ. ದಾರಿಯುದ್ದಕ್ಕೂ ದಂಡೆಯ ಮರಳನ್ನು ಹೀರಿ ಚಿನ್ನ ಸೋಸುವ ಯಂತ್ರಗಳ ಗದ್ದಲ. ಒಂದು ತಿರುವು ದಾಟಿದ ಮೇಲೆ ಆ ಸದ್ದು ನಿಂತು ಕಾಡು ಎರಡೂ ಕಡೆಯಿಂದ ಹತ್ತಿರ ಬಂತು. ನಾನು ಅದಕ್ಕೂ ಮೊದಲು ಪಶ್ಚಿಮ ಘಟ್ಟದಲ್ಲಿ ಎರಡು ವರ್ಷ ಇಲಿ, ಸುಂಡಿಲಿಗಳ ಸಮೀಕ್ಷೆಯಲ್ಲಿ ದುಡಿದಿದ್ದೆ. ಹೊಟ್ಟೆಚೀಲದ ಪ್ರಾಣಿಗಳ ವಂಶದ ಒಂದನ್ನಾದರೂ ಕೈಯಲ್ಲಿ ಹಿಡಿದು ನೋಡಬೇಕೆಂಬ ಆಸೆ ನನ್ನನ್ನು ಇಷ್ಟು ದೂರ ಎಳೆದು ತಂದಿತ್ತು. ಭಾರತದ ಕಾಡುಗಳಲ್ಲಿ ಆ ವಂಶ ಇಲ್ಲವೇ ಇಲ್ಲ. ಅಮೆರಿಕ ಖಂಡಗಳಲ್ಲಿ ಆ ವಂಶಕ್ಕೆ ಸೇರಿದ ಒಪಾಸಮ್ ಎಂಬ ಪ್ರಾಣಿಗಳದೇ ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ಬಹುಪಾಲು ಬೆಕ್ಕಿನ ಗಾತ್ರದವಲ್ಲ, ಅಂಗೈಯಲ್ಲಿ ಅಡಗುವಂಥವು.

ನಮ್ಮ ತಂಡ ಹುಡುಕುತ್ತಿದ್ದದ್ದು ಅಂಥ ಒಂದನ್ನು: ಮಾರ್ಮೋಸಾಪ್ಸ್ ಬಿಷಪಿ. 1981ರಲ್ಲಿ ರೊನಾಲ್ಡ್ ಪೈನ್ ಎಂಬ ಪ್ರಾಣಿಶಾಸ್ತ್ರಜ್ಞರು ಬ್ರೆಜಿಲಿನ ಮಾಟೊ ಗ್ರೊಸೊದಿಂದ ಬಂದ ಮಾದರಿಯನ್ನು ಆಧರಿಸಿ ಇದನ್ನು ಬೇರೊಂದು ಪ್ರಭೇದದ ಉಪಪ್ರಭೇದವೆಂದು ವರ್ಣಿಸಿದರು. ಸ್ವತಂತ್ರ ಪ್ರಭೇದದ ಸ್ಥಾನ ಸಿಕ್ಕಿದ್ದು ಆಮೇಲೆ. ಬ್ರೆಜಿಲ್, ಬೊಲಿವಿಯಾ, ಪೆರುಗಳ ಕಾಡಿನಲ್ಲಿದೆ. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟಿದೆ ಎಂದು ಹೇಳುವ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದಕ್ಕಿರುವ ಷರಾ ‘ಕನಿಷ್ಠ ಕಾಳಜಿ’. ಭೂಪಟದಲ್ಲಿ ಹರಡಿರುವ ಜಾಗ ದೊಡ್ಡದಾದ್ದರಿಂದ ಆ ಷರಾ ಸರಿಯೇ. ಆದರೆ ಅದನ್ನು ಓದಿದಾಗಲೆಲ್ಲ ನನಗೆ ಇರುಸುಮುರುಸಾಗುತ್ತದೆ, ಏಕೆಂದರೆ ಅಷ್ಟು ದೊಡ್ಡ ಭೂಪಟದಲ್ಲಿ ಇದನ್ನು ನಿಜವಾಗಿ ಹಿಡಿದು ನೋಡಿದ ಚುಕ್ಕೆಗಳು ಬಿಡಿಬಿಡಿಯಾಗಿವೆ. ಕಾಡಿನಲ್ಲಿ ಪ್ರಾಣಿ ಕಡಿಮೆ ಇರುವುದು ಬೇರೆ, ನಾವು ನೋಡಿದ್ದು ಕಡಿಮೆ ಇರುವುದು ಬೇರೆ.

ಅಲ್ಲಿನವರು ದೊಡ್ಡ ಒಪಾಸಮ್‌ಗೆ ‘ಮುಕಾ’ ಎನ್ನುತ್ತಾರೆ. ಈ ಚಿಕ್ಕವುಗಳಿಗೆ ಬೇರೆ ಹೆಸರಿಲ್ಲ, ‘ಪೆರಿಕೋತೆ’, ಅಂದರೆ ಇಲಿ. ಶಿಬಿರದಲ್ಲಿ ಸಂಜೆ ಎರಡು ಗಂಟೆ ಮಾತ್ರ ಇಂಟರ್‌ನೆಟ್. ಫೋಟೊ ಕಳಿಸಿದಾಗ ನನ್ನ ಅಜ್ಜಿ ಊರಿನಿಂದ, “ಪುಟ್ಟಿ, ಇದು ನಮ್ಮ ಕೊಟ್ಟಿಗೆಯ ಸುಂಡಿಲಿ ಅಲ್ಲವೇನೇ?” ಎಂದು ಕೇಳಿದರು. ಚೂಪು ಮೂತಿಯನ್ನು ಗುರುತಿಸಿದ ಅಜ್ಜಿಯ ಕಣ್ಣು ದೊಡ್ಡದು. ಇಲಿಗೆ ಆ ಮೂತಿ ಇಲ್ಲ. “ಅಲ್ಲ ಅಜ್ಜಿ, ಇದಕ್ಕೆ ಬಾಯಲ್ಲಿ ಐವತ್ತು ಹಲ್ಲು” ಎಂದೆ. ಇಲಿಗೆ 16, ನಮಗೆ 32, ಈ ಬೆರಳುದ್ದದ ಜೀವಕ್ಕೆ 50. ಅಜ್ಜಿಗೆ ಈಗ ಬಾಯಲ್ಲಿ ಉಳಿದಿರುವುದು ನಾಲ್ಕೋ ಐದೋ. ಅವರು ಆ ಲೆಕ್ಕವನ್ನು ಎರಡು ಸಲ ಹೇಳಿಸಿಕೊಂಡರು.

ಬಕೆಟ್‌ಗಳ ಜೊತೆಗೆ ಬಳ್ಳಿಗಳ ಮೇಲೆ ಅಲ್ಯುಮಿನಿಯಂ ಪೆಟ್ಟಿಗೆ ಬೋನುಗಳನ್ನೂ ಕಟ್ಟಿದ್ದೆವು. ಒಳಗೆ ಶೇಂಗಾ ಬೆಣ್ಣೆ, ಓಟ್ಸ್, ಕಳಿತ ಬಾಳೆಹಣ್ಣು ಮತ್ತು ನಾಲ್ಕು ಹನಿ ವೆನಿಲಾ ಕಲಸಿದ ಉಂಡೆ. ಆ ವಾಸನೆಗೆ ನನಗೆ ಪ್ರತಿ ಸಂಜೆ ಮನೆಯ ನೆನಪಾಗುತ್ತಿತ್ತು. ನಾನು ಚಿಕ್ಕವಳಿದ್ದಾಗ ಮಲೆನಾಡಿನ ತೋಟಗಳಲ್ಲೆಲ್ಲ ವೆನಿಲಾ ಬಳ್ಳಿ ಹಬ್ಬಿಸಿದ್ದರು. ಬೆಳಗ್ಗೆ ಶಾಲೆಗೆ ಹೋಗುವ ಮುಂಚೆ ಕಡ್ಡಿ ಹಿಡಿದು ಹೂವಿಗೆ ಪರಾಗಸ್ಪರ್ಶ ಮಾಡಿಸುತ್ತಿದ್ದೆವು. ಬೆಲೆ ಬಿದ್ದ ವರ್ಷ ಅಪ್ಪ ಬಳ್ಳಿಗಳನ್ನು ಕಿತ್ತುಹಾಕಿದರು. ಅದರ ತವರು ಅಮೆರಿಕ ಖಂಡ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ದಿನಚರಿ ಹೀಗಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಇಸಾಂಗೋ ಎಂಬ ಕಣ್ಣಿಗೆ ಕಾಣದ ಉಣ್ಣೆಹುಳು ಹತ್ತದಂತೆ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ತಲೆದೀಪ ಕಟ್ಟಿಕೊಂಡು ಹೊರಡುವುದು. ಮುಂದೆ ನಮ್ಮ ಹಿರಿಯ ಮಾರ್ಗದರ್ಶಿ. ಆ ಊರಿನ ಕ್ರಮದಂತೆ ಎಲ್ಲರೂ ಅವರನ್ನು ‘ದೋನ್’ ಎಂದು ಗೌರವದಿಂದ ಕರೆಯುತ್ತಿದ್ದರು. ನನ್ನನ್ನು ಅವರು ‘ಇಹಿತಾ’, ಅಂದರೆ ಮಗಳೇ, ಎನ್ನುತ್ತಿದ್ದರು. ಸೂರ್ಯ ಏರುವ ಮೊದಲು 33 ಬಕೆಟ್‌ಗಳನ್ನೂ ನೋಡಿ ಮುಗಿಸಬೇಕು. ತಡವಾದರೆ ಇರುವೆ ಮುತ್ತುತ್ತವೆ. ಇರುವೆಗಿಂತ ದೋನ್ ಹೆದರುತ್ತಿದ್ದದ್ದು ಜೇಡಕ್ಕೆ. 2016ರಲ್ಲಿ ಇದೇ ನದಿಯ ದಂಡೆಯ ಲಾಸ್ ಅಮಿಗೋಸ್ ಸಂಶೋಧನಾ ಕೇಂದ್ರದ ಕಾಡಿನಲ್ಲಿ ಊಟದ ತಟ್ಟೆಯಗಲದ ಟರಾಂಟುಲಾ ಜೇಡವೊಂದು ಎಳೆಯ ಮಾರ್ಮೋಸಾಪ್ಸ್ ಅನ್ನು ಹಿಡಿದು ಎಳೆದೊಯ್ಯುವುದನ್ನು ಮಿಷಿಗನ್ ವಿಶ್ವವಿದ್ಯಾಲಯದ ತಂಡ ಚಿತ್ರೀಕರಿಸಿತ್ತು. 2019ರಲ್ಲಿ ಅದು ಪ್ರಕಟವಾದಾಗ ಅಂಥ ಜೇಡ ಒಪಾಸಮ್ ಅನ್ನು ಬೇಟೆಯಾಡಿದ್ದಕ್ಕೆ ಸಿಕ್ಕ ಮೊದಲ ದಾಖಲೆ ಅದೇ ಎಂದರು. ಹಾಗಾಗಿ ದೋನ್ ಬಕೆಟ್ಟಿಗೆ ಮೊದಲು ಒಂದು ಉದ್ದ ಕಡ್ಡಿ ಇಳಿಸಿ, ಎಲೆ ಸರಿಸಿ ನೋಡಿದ ಮೇಲೆಯೇ ನನಗೆ ಕೈಹಾಕಲು ಬಿಡುತ್ತಿದ್ದರು.

ಹಿಡಿದದ್ದನ್ನು ಬಟ್ಟೆಚೀಲಕ್ಕೆ ಹಾಕಿ, ಚೀಲವನ್ನು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ, ಚೀಲದ ತೂಕ ಕಳೆಯುವುದು. ದೇಹದ ಉದ್ದ, ಬಾಲ, ಹಿಂಗಾಲು, ಕಿವಿ ಅಳೆಯುವುದು. ಆಮೇಲೆ ಗುರುತಿಸುವ ಕೆಲಸ. ನಮ್ಮ ಪ್ರೊಫೆಸರ್ ಕಲಿಸಿದ ಮೊದಲ ಪಾಠ ಮುಂಗೈಯದು: ಮಧ್ಯದ ಬೆರಳು ಉಳಿದೆಲ್ಲಕ್ಕಿಂತ ಉದ್ದವಾಗಿದ್ದರೆ ಮಾರ್ಮೋಸಾಪ್ಸ್, ಅದೂ ಪಕ್ಕದ ಬೆರಳೂ ಹೆಚ್ಚುಕಡಿಮೆ ಸಮವಿದ್ದರೆ ಮಾರ್ಮೋಸಾ ಎಂಬ ಇನ್ನೊಂದು ಕುಲ. ಲೆನ್ಸ್ ಹಿಡಿದು ನೋಡಿದರೆ ಬಾಲದ ಹುರುಪೆಗಳು ಹಗ್ಗದ ಹುರಿಯಂತೆ ಓರೆಯಾಗಿ ಸುತ್ತಿಕೊಂಡಿರುವುದೂ ಕಾಣುತ್ತದೆ. ಹಿಂಗಾಲಿನ ಹೆಬ್ಬೆರಳಿಗೆ ಉಗುರಿಲ್ಲ, ಅದು ನಮ್ಮ ಕೈ ಹೆಬ್ಬೆರಳಿನಂತೆ ಉಳಿದ ಬೆರಳುಗಳಿಗೆ ಎದುರಾಗಿ ನಿಂತು ಬಳ್ಳಿಯನ್ನು ಹಿಡಿಯುತ್ತದೆ.

ಕುಲ ಗೊತ್ತಾಗುವುದು ಸುಲಭ. ಪ್ರಭೇದ ಹೇಳುವುದು ಕಷ್ಟ. ಆ ಕಾಡಿನಲ್ಲಿ ಮಾರ್ಮೋಸಾಪ್ಸ್ ನಾಕ್ಟಿವಾಗಸ್ ಎಂಬ ಇನ್ನೊಂದು, ಇದಕ್ಕಿಂತ ದೊಡ್ಡ ಪ್ರಭೇದ ಧಾರಾಳವಾಗಿದೆ. ಅದೇ ಕಂದು ಬೆನ್ನು, ಅದೇ ಕಣ್ಣಿನ ಸುತ್ತಲ ಕಪ್ಪು, ಅದೇ ತಿಳಿ ಹೊಟ್ಟೆ. ಅದರ ಮರಿ ಬೆಳೆಯುತ್ತ ಬೆಳೆಯುತ್ತ ಒಂದು ಹಂತದಲ್ಲಿ ಬಿಷಪಿಯ ಗಾತ್ರಕ್ಕೆ ಬಂದೇ ಬರುತ್ತದೆ. ಚಿಕ್ಕದೊಂದು ಸಿಕ್ಕಿತೆಂದರೆ ಅದು ಚಿಕ್ಕ ಪ್ರಭೇದದ ದೊಡ್ಡವನೋ, ದೊಡ್ಡ ಪ್ರಭೇದದ ಚಿಕ್ಕವನೋ? ಜುಲೈ ತಿಂಗಳಲ್ಲಿ ಇಪ್ಪತ್ತರ ಆಸುಪಾಸಿನ ಗ್ರಾಂ ತೂಗುವ ಮೂರು ಪ್ರಾಣಿಗಳು ಸಿಕ್ಕವು. ಮೂರಕ್ಕೂ ನಾನು ಪುಸ್ತಕದಲ್ಲಿ ‘ನಾಕ್ಟಿವಾಗಸ್, ಮರಿ’ ಎಂದು ಬರೆದೆ. ಹಾಗೆ ಬರೆಯಲು ನನಗೆ ಒಂದು ಕ್ಷಣವೂ ಹಿಡಿಯಲಿಲ್ಲ. ಚಿಕ್ಕದಾಗಿದ್ದವು, ಅದಕ್ಕೇ ಮರಿಗಳು.

ಆಗಸ್ಟ್ ಎರಡನೇ ವಾರ ಫ್ರಿಯಾಹೆ ಬಂತು. ದಕ್ಷಿಣದಿಂದ ನುಗ್ಗುವ ಚಳಿಗಾಳಿಗೆ ಅಲ್ಲಿ ಆ ಹೆಸರು. ಮಧ್ಯಾಹ್ನ ಅಂಗಿ ಹಿಂಡುವಷ್ಟು ಸೆಕೆ ಇದ್ದದ್ದು, ಸಂಜೆ ಗಾಳಿ ತಿರುಗಿ, ಬೆಳಗಿನ ಜಾವಕ್ಕೆ 12 ಡಿಗ್ರಿಗೆ ಇಳಿದಿತ್ತು. ಜೊತೆಗೆ ಎಡೆಬಿಡದ ತುಂತುರು. ನಾವು ಮುಚ್ಚಳ ಹಾಕಿರಲಿಲ್ಲ. ಗಡಗಡ ನಡುಗುತ್ತ ಹೋದಾಗ ಮೊದಲ ಸಾಲಿನ ಏಳನೇ ಬಕೆಟ್ಟಿನಲ್ಲಿ ಒಂದು ಪ್ರಾಣಿ ಹತ್ತಿಯ ಮೇಲೆ ಚೆಂಡಿನಂತೆ ಮುದುಡಿ ಬಿದ್ದಿತ್ತು. ಎತ್ತಿಕೊಂಡರೆ ಕಲ್ಲಿನಷ್ಟು ತಣ್ಣಗೆ. ಉಸಿರಾಟ ಎಣಿಸಬಹುದಾದಷ್ಟು ನಿಧಾನ. ದೋನ್ ಏನೂ ಹೇಳದೆ ನನ್ನ ಕೈಯಿಂದ ಬಟ್ಟೆಚೀಲ ತೆಗೆದುಕೊಂಡು, ಪ್ರಾಣಿಯನ್ನು ಅದರೊಳಗೆ ಇಟ್ಟು, “ಅಂಗಿಯೊಳಗೆ ಇಟ್ಟುಕೋ, ಇಹಿತಾ” ಎಂದರು. ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಉಳಿದ ಸಾಲು ನಡೆದೆ. ಮೊದಲು ತಣ್ಣನೆಯ ಉಂಡೆ, ಅಷ್ಟೇ. ಸುಮಾರು ಇಪ್ಪತ್ತು ನಿಮಿಷದ ಮೇಲೆ ಚರ್ಮಕ್ಕೆ ಒಂದು ಸಣ್ಣ ಕಂಪನ ತಾಗಿತು, ಸದ್ದಡಗಿಸಿದ ಮೊಬೈಲ್ ಅದುರಿದ ಹಾಗೆ. ನಡುಕ ಹುಟ್ಟಿತ್ತು. ನಡುಕ ಎಂದರೆ ಜೀವ ತನ್ನ ಬೆಂಕಿಯನ್ನು ತಾನೇ ಹೊತ್ತಿಸಿಕೊಳ್ಳುತ್ತಿದೆ ಎಂದರ್ಥ. ಇನ್ನಷ್ಟು ಹೊತ್ತಿಗೆ ಚೀಲದೊಳಗೆ ಉಗುರು ಕೆರೆಯುವ ಸದ್ದು ಕೇಳಿತು. ಚಳಿಗೆ ಮೈಬಿಸಿ ಇಳಿಸಿಕೊಂಡು ಜಡವಾಗಿ ಮಲಗುವ ಗುಣ ಹಲವು ಒಪಾಸಮ್‌ಗಳಿಗಿದೆ ಎಂದು ಓದಿದ್ದೆ. ಹೊಟ್ಟೆಗೆ ತಾಗಿದ ಆ ಕಂಪನವನ್ನು ಯಾವ ಪುಟವೂ ನನಗೆ ಹೇಳಿರಲಿಲ್ಲ.

ಎರಡನೇ ಸಾಲಿನ ಮೂರನೇ ಬಕೆಟ್ಟಿನಲ್ಲಿದ್ದದ್ದು ಉಳಿಯಲಿಲ್ಲ. ತಳದ ತೂತಿಗೆ ಎಲೆ ಅಡ್ಡವಾಗಿ ಎರಡು ಬೆರಳು ನೀರು ನಿಂತಿತ್ತು. ಆ ಬಕೆಟ್ ಹೂಳಿದವಳು ನಾನೇ. ಇಡೀ ದಿನ ನನಗೆ ಊಟ ಸೇರಲಿಲ್ಲ. ಅಂದಿನಿಂದ ರೇಡಿಯೊದಲ್ಲಿ ಫ್ರಿಯಾಹೆಯ ಸುದ್ದಿ ಬಂದ ಸಂಜೆಯೇ ಎಲ್ಲ ಮುಚ್ಚಳಗಳನ್ನೂ ನಾನೇ ಹೋಗಿ ಬಿಗಿದು ಬರುತ್ತಿದ್ದೆ.

ಆ ಸತ್ತ ಪ್ರಾಣಿ ನನಗೆ ಎರಡನೇ ಪಾಠವಾಯಿತು. ಲಿಮಾದ ಸಾನ್ ಮಾರ್ಕೋಸ್ ವಿಶ್ವವಿದ್ಯಾಲಯದ ನಿಸರ್ಗ ಇತಿಹಾಸ ಸಂಗ್ರಹಾಲಯಕ್ಕೆ ಕಳಿಸಲು ಅದನ್ನು ಅಣಿಗೊಳಿಸುವಾಗ ಪ್ರೊಫೆಸರ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದರ ಮೇಲಿನ ದವಡೆಯನ್ನು ಸೂಜಿಯ ಮೊನೆಯಿಂದ ತೋರಿಸಿದರು. ನಮ್ಮ ಮಕ್ಕಳಿಗೆ ಇಪ್ಪತ್ತು ಹಾಲುಹಲ್ಲು ಬಿದ್ದು ಹೊಸದು ಹುಟ್ಟುತ್ತವೆ. ಹೊಟ್ಟೆಚೀಲದ ವಂಶದಲ್ಲಿ ಹಾಗಲ್ಲ. ಮೇಲೆ ಕೆಳಗೆ, ಎಡ ಬಲ, ನಾಲ್ಕೂ ಕಡೆ ಒಂದೊಂದೇ ಹಲ್ಲು ಬದಲಾಗುವುದು, ಕೋರೆಹಲ್ಲಿನಿಂದ ಹಿಂದಕ್ಕೆ ಎಣಿಸಿದರೆ ಮೂರನೆಯದು. ಹಾಲುಹಲ್ಲು ಇರುವವರೆಗೆ ಅಲ್ಲಿ ದವಡೆಹಲ್ಲಿನಂಥ, ಮೂರು ಮೊನೆಯ ಅಗಲದ ಹಲ್ಲು. ಅದು ಬಿದ್ದ ಮೇಲೆ ಒಂದೇ ಮೊನೆಯ ಎತ್ತರದ ಹಲ್ಲು. “ಇದರಲ್ಲಿ ಏನಿದೆ?” ಎಂದರು. ಲೆನ್ಸಿನಡಿ ಮೂರು ಮೊನೆ ಎಣಿಸಿದೆ. ಮರಿ. ಗಾತ್ರ ನೋಡಿಯಲ್ಲ, ಹಲ್ಲು ನೋಡಿ ಹೇಳಿದ ಮೊದಲ ಮರಿ ಅದು.

ಹಾಗಾದರೆ ಜುಲೈನ ಆ ಮೂರು? ನನಗೆ ಆಗಲೇ ಹೊಟ್ಟೆಯಲ್ಲಿ ಏನೋ ಕಸಿವಿಸಿ ಶುರುವಾಗಿತ್ತು.

ಸೆಪ್ಟೆಂಬರ್ ಕೊನೆಯ ವಾರ. ಮೂರನೇ ಸಾಲು ಪಕಾಲ್‌ನ ಅಂಚಿನಲ್ಲಿತ್ತು. ಪಕಾಲ್ ಎಂದರೆ ಗ್ವಾಡುವಾ ಬಿದಿರಿನ ಮೆಳೆ. ನಮ್ಮ ಹೆಬ್ಬಿದಿರಿನ ಹಾಗೆಯೇ ಮುಳ್ಳು, ಒಮ್ಮೆ ಅಂಗಿ ಸಿಕ್ಕಿದರೆ ಬಿಡಿಸಿಕೊಳ್ಳುವುದು ಕಷ್ಟ. ಮೆಳೆಯ ಬುಡದ ಒಂಬತ್ತನೇ ಬಕೆಟ್ಟಿನಲ್ಲಿ ದೋನ್ ಕಡ್ಡಿಯಿಂದ ಎಲೆ ಸರಿಸಿದಾಗ ಎರಡು ಕಣ್ಣು ಹೊಳೆದವು. ಚಿಕ್ಕದು. “ಮರಿ” ಎಂದರು ದೋನ್. ನನ್ನ ಬಾಯಿಗೂ ಅದೇ ಮಾತು ಬಂದಿತ್ತು, ತಡೆದುಕೊಂಡೆ.

ಚೀಲ ಕಳೆದು ತೂಕ 21 ಗ್ರಾಂ. ಒಂದೂವರೆ ದೊಡ್ಡ ಚಮಚ ಸಕ್ಕರೆಗಿಂತ ಸ್ವಲ್ಪ ಹೆಚ್ಚು. ಕತ್ತಿನ ಹಿಂಭಾಗದ ಸಡಿಲ ಚರ್ಮ ಹಿಡಿದು ಮೆಲ್ಲಗೆ ಮಗುಚಿದೆ. ತಲೆದೀಪದ ಬೆಳಕು ಹೊಟ್ಟೆಯ ಮೇಲೆ ಬಿತ್ತು. ಹಿಂಗಾಲುಗಳ ನಡುವೆ, ಕೂದಲಿನ ಮಧ್ಯೆ, ಗುಲಾಬಿ ಬಣ್ಣದ್ದೇನೋ ಅಂಟಿಕೊಂಡಿತ್ತು. ಮೊದಲು ಗಾಯ ಎಂದುಕೊಂಡೆ, ಎದೆ ಧಸಕ್ಕೆಂದಿತು. ಅದು ಅಲುಗಿತು.

ಐದು ಮರಿಗಳು. ಮೊಳಕೆ ಬಂದ ಹೆಸರುಕಾಳಿನಷ್ಟು ದೊಡ್ಡವು, ಬೆತ್ತಲೆ, ಚರ್ಮದಡಿ ಕಣ್ಣಿನ ಜಾಗದಲ್ಲಿ ಒಂದೊಂದು ಕಪ್ಪು ಚುಕ್ಕೆ. ಪ್ರತಿಯೊಂದೂ ಒಂದೊಂದು ಮೊಲೆತೊಟ್ಟಿಗೆ ಬಾಯಿ ಬೆಸೆದುಕೊಂಡಿತ್ತು. ಹೊಟ್ಟೆಚೀಲ ಇಲ್ಲವೇ ಇಲ್ಲ. ಕಾಂಗರೂ ಚಿತ್ರ ನೋಡಿ ಬೆಳೆದ ನಮಗೆ ಈ ವಂಶವೆಂದರೆ ಚೀಲ ಎಂದೇ ಲೆಕ್ಕ. ಆದರೆ ಈ ಪುಟ್ಟ ಒಪಾಸಮ್‌ಗಳ ತಾಯಿಗೆ ಚೀಲವಿಲ್ಲ. ಎರಡು ವಾರದ ಆಸುಪಾಸಿನಲ್ಲೇ ಹುಟ್ಟಿಬಿಡುವ ಮರಿಗಳು ಅಕ್ಕಿಕಾಳಿನಷ್ಟಿದ್ದು, ಮುಂಗೈ ಬೀಸುತ್ತ ತಾವೇ ಕೂದಲಲ್ಲಿ ತೆವಳಿ ತೊಟ್ಟನ್ನು ಬಾಯಿಗೆ ತೆಗೆದುಕೊಳ್ಳುತ್ತವೆ. ತೊಟ್ಟು ಬಾಯೊಳಗೆ ಉಬ್ಬಿ ಬಿಗಿಯಾಗುತ್ತದೆ. ಹಾಗೆ ನೇತಾಡಿಕೊಂಡೇ ವಾರಗಟ್ಟಲೆ. ತಾಯಿ ಅವುಗಳೊಂದಿಗೇ ಓಡಬೇಕು, ಹತ್ತಬೇಕು, ಹುಳ ಹಿಡಿಯಬೇಕು. ತೊಟ್ಟುಗಳು ಎರಡೂ ಬದಿಗೆ ಸಮವಾಗಿದ್ದು ನಡುವೆ ಇನ್ನೊಂದು. ಆದ್ದರಿಂದ ಒಟ್ಟು ಲೆಕ್ಕ ಯಾವಾಗಲೂ ಬೆಸ. ನಡುವಿನ ತೊಟ್ಟಿಗೆ ಅಂಟಿದ್ದ ಮರಿ ತನ್ನ ಮುಂಗೈಯನ್ನು ಒಮ್ಮೆ ಮಡಚಿ ಬಿಚ್ಚಿತು. ಆ ಕೈಯಲ್ಲಿ ಆಗಲೇ ಐದು ಬೆರಳಿದ್ದವು.

ದೋನ್ ತಮ್ಮ ಟೋಪಿ ತೆಗೆದರು. “ತಾಯಿ” ಎಂದರು, ಬಹಳ ಮೆಲ್ಲಗೆ.

ಮರಿ ಕಚ್ಚಿಕೊಂಡಿರುವ ತಾಯಿಯನ್ನು ಹೆಚ್ಚು ಹೊತ್ತು ಹಿಡಿಯಬಾರದು. ಗಾಬರಿಯಲ್ಲಿ ಮರಿ ಕಳಚಿದರೆ ಮತ್ತೆ ಅಂಟಿಸಲು ಯಾರಿಂದಲೂ ಆಗದು. ಬಾಲ ಅಳೆದೆ, 131 ಮಿಲಿಮೀಟರ್, ದೇಹಕ್ಕಿಂತ ಬಹಳ ಉದ್ದ. ಪ್ರೊಫೆಸರ್ ಬೆಂಕಿಕಡ್ಡಿಗಿಂತ ತೆಳುವಾದ ಕಡ್ಡಿಯೊಂದನ್ನು ಅದರ ಬಾಯಿಯ ಬದಿಗಿಟ್ಟರು. ಸಿಟ್ಟಿನಿಂದ ಕಚ್ಚಿತು. ಆ ಅರ್ಧ ಕ್ಷಣದಲ್ಲಿ ಲೆನ್ಸ್ ಹಿಡಿದು ನೋಡಿ, ಕ್ಯಾಮೆರಾಕ್ಕೂ ಹಿಡಿಸಿದೆ. ಒಂದೇ ಮೊನೆ, ಎತ್ತರದ ಹಲ್ಲು. ಕಿವಿಯಂಚಿನಿಂದ ಸಾಸಿವೆಯ ಗಾತ್ರದ ಚೂರನ್ನು ತೆಗೆದು ಆಲ್ಕೊಹಾಲಿನ ಸೀಸೆಗೆ ಹಾಕಿದ್ದಾಯಿತು. ಎಲ್ಲ ಸೇರಿ ಆರು ನಿಮಿಷ.

ಎಲ್ಲಿ ಹಿಡಿದೆವೋ ಅಲ್ಲೇ ಬಿಡಬೇಕೆಂಬುದು ಕಟ್ಟುನಿಟ್ಟು. ಬಿದಿರಿನ ಮೇಲೆ ಹಬ್ಬಿದ ಪೆನ್ಸಿಲ್ ದಪ್ಪದ ಬಳ್ಳಿಗೆ ಕೈ ತಾಗಿಸಿ ಹಿಡಿತ ಸಡಿಲಿಸಿದೆ. ಓಡಲಿಲ್ಲ. ಮೊದಲು ಬಾಲದ ತುದಿ ನನ್ನ ಕಿರುಬೆರಳನ್ನು ಒಂದು ಸುತ್ತು ಸುತ್ತಿ, ಬಿಟ್ಟು, ಬಳ್ಳಿಯನ್ನು ಸುತ್ತಿತು. ಆಮೇಲೆ ಹಿಂಗಾಲ ಹೆಬ್ಬೆರಳು. ಹೊಟ್ಟೆಯನ್ನು ಬಳ್ಳಿಗೆ ತಾಗದಂತೆ ಎತ್ತಿಹಿಡಿದು, ನಾಲ್ಕೂ ಕಾಲನ್ನು ಅಗಲಿಸಿ ಏರಿತು. ಬಿದಿರೆಲೆಗಳ ನಡುವೆ ಒಮ್ಮೆ ನಿಂತು ಕಿವಿ ತಿರುಗಿಸಿತು. ದೂರದಲ್ಲಿ ಟಿಟಿ ಕೋತಿಗಳ ಜೋಡಿ ಕೂಗು ಶುರುವಾಯಿತು. ಮತ್ತೆ ನೋಡುವಷ್ಟರಲ್ಲಿ ಬಳ್ಳಿ ಮಾತ್ರ ಅಲ್ಲಾಡುತ್ತಿತ್ತು.

ಇದೇ ಕುಲದ ಇನ್ನೊಂದು ಪ್ರಭೇದ, ಬ್ರೆಜಿಲಿನ ಅಟ್ಲಾಂಟಿಕ್ ಕಾಡಿನ ಮಾರ್ಮೋಸಾಪ್ಸ್ ಇಂಕಾನಸ್‌ನಲ್ಲಿ, ಮರಿಗಾಲ ಮುಗಿದ ಮೇಲೆ ದೊಡ್ಡವುಗಳೆಲ್ಲ ಮಾಯವಾಗುತ್ತವೆ. ಬೋನಿಗೆ ಸಿಗುವುದು ಹೊಸ ತಲೆಮಾರು ಮಾತ್ರ. ಒಂದು ವರ್ಷದ ಆಯಸ್ಸು, ಒಂದು ಸಲದ ಬಾಣಂತನ. ಆ ರಾತ್ರಿ ಸೊಳ್ಳೆಪರದೆಯೊಳಗೆ ಮಲಗಿ ನಾನು ಇದನ್ನೇ ಯೋಚಿಸುತ್ತಿದ್ದೆ.

ಮರುದಿನ ಜುಲೈನ ಪುಟ ತೆರೆದೆ. ಮೂರು ಪ್ರಾಣಿಗಳ ಫೋಟೊಗಳನ್ನು ಲ್ಯಾಪ್‌ಟಾಪ್‌ನಲ್ಲಿ ಹಿಗ್ಗಿಸಿ ನೋಡಿದೆ. ಒಂದರಲ್ಲಿ ಅದೃಷ್ಟಕ್ಕೆ ಬಾಯಿ ತೆರೆದಿತ್ತು. ಮೊನೆ ಮೂರು. ಅದು ನಿಜಕ್ಕೂ ಮರಿಯೇ. ಉಳಿದ ಎರಡರಲ್ಲಿ ಬಾಯಿ ಮುಚ್ಚಿತ್ತು. ಕಿವಿಯ ಚೂರನ್ನೂ ಆಗ ತೆಗೆದಿರಲಿಲ್ಲ, ಏಕೆಂದರೆ ಹೇಗೂ ಮರಿಗಳಲ್ಲವೇ ಎಂದುಕೊಂಡಿದ್ದೆ.

ಮರುವರ್ಷ ಏಪ್ರಿಲ್‌ನಲ್ಲಿ, ನಾನು ಊರಿಗೆ ಬಂದು ಅಡಿಕೆ ತೋಟದ ಕೆಲಸದಲ್ಲಿದ್ದಾಗ, ಪ್ರೊಫೆಸರ್ ಅವರ ಸಂದೇಶ ಬಂತು. ಬಿದಿರು ಮೆಳೆಯ ತಾಯಿಯ ಡಿಎನ್‌ಎ ಬಿಷಪಿಯ ಗುಂಪಿಗೆ ಸೇರಿದೆ ಎಂದು. ಅಂಗಳದಲ್ಲಿ ಕೂತಿದ್ದ ಅಜ್ಜಿಗೆ ಓದಿ ಹೇಳಿದೆ. “ಮರಿಗಳು ಏನಾದವೋ” ಎಂದರು ಅಜ್ಜಿ. ಒಳಗೆ ಹೋಗಿ ಪುಸ್ತಕ ತಂದು ಸೆಪ್ಟೆಂಬರ್ ಸಾಲಿನ ಮುಂದೆ ‘ಬಿಷಪಿ, ದೊಡ್ಡದು, ಹೆಣ್ಣು, ಐದು ಮರಿ’ ಎಂದು ಶಾಯಿಯಲ್ಲಿ ಬರೆದೆ. ಜುಲೈನ ಎರಡು ಸಾಲುಗಳಲ್ಲಿ ‘ನಾಕ್ಟಿವಾಗಸ್, ಮರಿ’ ಎಂಬುದರ ಮೇಲೆ ಅಡ್ಡಗೆರೆ ಎಳೆದಿದ್ದೇನೆ. ಅದರ ಕೆಳಗೆ ‘ಮಾರ್ಮೋಸಾಪ್ಸ್’ ಎಂದಷ್ಟೇ ಇದೆ, ಮುಂದಿನ ಜಾಗ ಖಾಲಿ.